ಭೇಷ್ ಎನ್ನದ ಗುರುಗಳು

ಕಳೆದ ಶನಿವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ಸಣ್ಣ ರಾದ್ಧಾಂತವೇ ನಡೆದುಹೋಯಿತು. ನಮ್ಮ ಮೊಮ್ಮಗನಿಗೆ ಈಗ 11 ವರ್ಷ. ಬಡಾವಣೆಯ ಮೈದಾನದಲ್ಲಿ ಆಟ ಕಲಿಸುವ ಮೇಷ್ಟರ ಬಳಿಗೆ ಒಂದು ವರ್ಷದಿಂದ ಹೋಗಿಬರುತ್ತಿದ್ದಾನೆ. ಅಂದು ಮೈದಾನದಿಂದ ಬಂದವನೇ ಕೈಯಲ್ಲಿದ್ದ ಬ್ಯಾಟನ್ನು ಬಾಗಿಲ ಮೂಲೆಗೆ ಎಸೆದು, ಕಾಲನ್ನೂ ತೊಳೆಯದೆ, ಜಗಲಿಯ ಮೇಲೆ ಮುಖ ಊದಿಸಿಕೊಂಡು ಕುಳಿತುಬಿಟ್ಟನು.

“ಏನಾಯಿತು ಮಗು? ಯಾರಾದರೂ ಹೊಡೆದರೇನು?” ಎಂದು ಅವನ ಅಜ್ಜಿ ಗಾಬರಿಯಿಂದ ಕೇಳಿದಳು.

“ಯಾರೂ ಹೊಡೆಯಲಿಲ್ಲ ಅಜ್ಜಿ. ನಾಳೆಯಿಂದ ನಾನು ಹೋಗುವುದಿಲ್ಲ. ಇವತ್ತಿನ ಪಂದ್ಯದಲ್ಲಿ 42 ರನ್ನು ಹೊಡೆದೆ. ಒಂದು ಕ್ಯಾಚನ್ನೂ ಹಿಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಸರ್ ಮಾತ್ರ ಒಂದು ಸಲವೂ ಭೇಷ್ ಅನ್ನಲಿಲ್ಲ. ನಾಳೆ ಅರ್ಧ ಗಂಟೆ ಮುಂಚೆ ಬಾ ಅಂದರು, ಅಷ್ಟೆ!”

ಇಷ್ಟು ಹೇಳುವಷ್ಟರಲ್ಲಿ ಹುಡುಗನ ಕಣ್ಣು ತುಂಬಿ ಬಂದಿತು. ಮನೆಯಲ್ಲಿ ಕೂಡಲೇ ನ್ಯಾಯಸ್ಥಾನ ಸೇರಿತು. ಮಗುವಿನ ಮನಸ್ಸನ್ನು ನೋಯಿಸುವ ಮೇಷ್ಟರು ಎಂಥ ಮೇಷ್ಟರು ಎಂಬುದು ಅಜ್ಜಿಯ ತೀರ್ಪು. ಪೇಟೆಯ ಆಚೆಗೆ ಬೇರೊಂದು ತರಬೇತಿ ಶಾಲೆಯಿದೆ, ಫೀಸು ಹೆಚ್ಚಾದರೂ ಅಲ್ಲಿ ತಿಂಗಳಿಗೊಮ್ಮೆ ಮಕ್ಕಳಿಗೆ ಪದಕ ಕೊಡುತ್ತಾರಂತೆ ಎಂಬುದು ಸೊಸೆಯ ಸಲಹೆ. “ಅಪ್ಪಾ, ನೀವೇ ಹೋಗಿ ಆ ಮೇಷ್ಟರಿಗೆ ಒಂದು ಮಾತು ಹೇಳಿ ಬನ್ನಿ” ಎಂದು ಮಗನು ಭಾರವನ್ನೆಲ್ಲ ನನ್ನ ಮೇಲೆ ಹೊರಿಸಿದನು.

ನಾನು ಏನೂ ಹೇಳಲಿಲ್ಲ. ಊಟವಾದ ಮೇಲೆ ಹುಡುಗನನ್ನು ಹತ್ತಿರ ಕೂರಿಸಿಕೊಂಡು ಮುಂಬಯಿಯ ಒಬ್ಬ ಮೇಷ್ಟರ ಕಥೆಯನ್ನು ಹೇಳಿದೆನು. ಅದನ್ನೇ ಈ ತಿಂಗಳು ವಾಚಕರ ಮುಂದೆ ಇಡುತ್ತಿದ್ದೇನೆ. ಆಟದ ವಿಷಯ ನಮಗೇಕೆ ಎಂದು ಗೃಹಿಣಿಯರು ಪುಟವನ್ನು ಮಗುಚದಿರಲಿ. ಇದು ಮಕ್ಕಳಿರುವ ಪ್ರತಿಯೊಂದು ಮನೆಗೂ ಸಂಬಂಧಪಟ್ಟ ಮಾತು.

ಆ ಮೇಷ್ಟರ ಹೆಸರು ರಮಾಕಾಂತ ವಿಠ್ಠಲ ಆಚರೇಕರ. ಕಾರವಾರದಿಂದ ಕಡಲಂಚನ್ನೇ ಹಿಡಿದು ಬಡಗಲಿಗೆ ಹೋದರೆ ಗೋವೆಯನ್ನು ದಾಟಿದ ಮೇಲೆ ಮಾಲವಣವೆಂಬ ಊರು ಸಿಕ್ಕುವುದು. 1932ರಲ್ಲಿ ಅಲ್ಲಿ ಹುಟ್ಟಿದ ಈ ಕೊಂಕಣದ ಹುಡುಗನು ಮುಂಬಯಿಯಲ್ಲಿ ಕ್ರಿಕೆಟ್ ಆಟದ ಮೋಹಕ್ಕೆ ಸಿಕ್ಕಿ, ಅಲ್ಲಿನ ಸಣ್ಣಪುಟ್ಟ ಸಂಘಗಳಿಗೂ ಗಿರಣಿಯ ತಂಡಕ್ಕೂ ಆಡಿದನು. ದೊಡ್ಡ ಆಟಗಾರನಾಗುವ ಯೋಗ ಮಾತ್ರ ಅವನಿಗಿರಲಿಲ್ಲ. ಮೊದಲ ದರ್ಜೆಯದೆಂದು ಎಣಿಕೆಗೆ ಬಂದ ಪಂದ್ಯಗಳಲ್ಲಿ ಅವರು ಆಡಿದ್ದು ತಮ್ಮ ಆಯುಷ್ಯದಲ್ಲಿ ಒಂದೇ ಒಂದು. 1963ರಲ್ಲಿ ಹೈದರಾಬಾದಿನ ಮೊಯಿನುದ್ದೌಲಾ ಪಂದ್ಯಾವಳಿಯಲ್ಲಿ ಸ್ಟೇಟ್ ಬ್ಯಾಂಕಿನ ತಂಡದ ಪರವಾಗಿ ಆಡಿದ ಆಟ ಅದು. ಅಲ್ಲಿಗೆ ಆಟಗಾರ ಆಚರೇಕರರ ಕಥೆ ಮುಗಿಯಿತು.

ತನಗೆ ದಕ್ಕದ ಭಾಗ್ಯವನ್ನು ನೆನೆದು ಕೊರಗುತ್ತ ಕುಳಿತುಕೊಳ್ಳುವವರು ಲೋಕದಲ್ಲಿ ಬಹಳ ಮಂದಿ. ಅದನ್ನು ಊರ ಮಕ್ಕಳಿಗೆ ದೊರಕಿಸಿಕೊಡಬೇಕೆಂದು ಟೊಂಕ ಕಟ್ಟುವವರು ಕೆಲವರೇ. ಆಚರೇಕರರು ಆ ಕೆಲವರಲ್ಲಿ ಒಬ್ಬರು. ಮುಂಬಯಿಯ ದಾದರಿನಲ್ಲಿ ಶಿವಾಜಿ ಪಾರ್ಕ್ ಎಂಬ ವಿಶಾಲವಾದ ಬಯಲಿದೆ. 1925ರಲ್ಲಿ ಸಾರ್ವಜನಿಕರಿಗೆ ತೆರೆದ ಈ ಬಯಲಿಗೆ ಎರಡು ವರ್ಷಗಳ ತರುವಾಯ ಛತ್ರಪತಿಯ ಹೆಸರು ಬಂದಿತು. ಸುತ್ತಲೂ ಮರಗಳು, ಮರಗಳ ಕೆಳಗೆ ಕುಳಿತು ಹರಟುವ ವೃದ್ಧರು, ನಡುವೆ ಒತ್ತೊತ್ತಾಗಿ ಹತ್ತಾರು ಆಟಗಳು. ಒಂದು ಸಂಘದವರು ಹೊಡೆದ ಚೆಂಡು ಇನ್ನೊಂದು ಸಂಘದವರ ಕಾಲಿಗೆ ಬಂದು ಬೀಳುವುದು ಅಲ್ಲಿ ದಿನನಿತ್ಯದ ಮಾತು. ಈ ಬಯಲಿನಲ್ಲಿ ಆಚರೇಕರರು ಕಾಮತ್ ಸ್ಮಾರಕ ಕ್ರಿಕೆಟ್ ಸಂಘವನ್ನು ಕಟ್ಟಿದರು. ಅದಕ್ಕೆ ಅರಮನೆಯಂತಹ ಕಟ್ಟಡವಿರಲಿಲ್ಲ. ಬಲೆಯನ್ನು ಕಟ್ಟಲು ನಾಲ್ಕು ಕಂಬ, ಆಟದ ಸಲಕರಣೆ, ಬೆಳಗೂ ಸಂಜೆಯೂ ತಪ್ಪದೆ ಬಂದು ನಿಲ್ಲುವ ಮೇಷ್ಟರು, ಇಷ್ಟೇ ಅದರ ಆಸ್ತಿ.

ಅವರ ಶಾಲೆಯ ಮೊದಲ ಪಾಠ ಬ್ಯಾಟು ಹಿಡಿಯುವುದಾಗಿರಲಿಲ್ಲ. ಹುಡುಗರು ಬಂದು ಮೊದಲು ಆಡುವ ನೆಲಕ್ಕೆ ನೀರು ಹಾಕಬೇಕು, ರೋಲರನ್ನು ಎಳೆಯಬೇಕು, ಬಲೆಯನ್ನು ಕಟ್ಟಬೇಕು, ಆಮೇಲೆ ಆಟ. ಎಷ್ಟೇ ಚೆನ್ನಾಗಿ ಆಡುವ ಹುಡುಗನಾದರೂ ಈ ಕೆಲಸ ತಪ್ಪದು. ಸಲಕರಣೆಯನ್ನು ಕಾಲಿನಿಂದ ಒದೆಯುವುದಾಗಲಿ, ಕಂಡಲ್ಲಿ ಬಿಸಾಡುವುದಾಗಲಿ ಕೂಡದು. ಅನ್ನ ಕೊಡುವ ನೇಗಿಲನ್ನು ಒಕ್ಕಲಿಗನು ಹೇಗೆ ಕಾಣುವನೋ ಹಾಗೆ ಆಟಗಾರನು ತನ್ನ ಬ್ಯಾಟನ್ನು ಕಾಣಬೇಕು. (ಈ ಮಾತನ್ನು ಹೇಳುವಾಗ ನಮ್ಮ ಹುಡುಗನು ಬಾಗಿಲ ಮೂಲೆಯ ಕಡೆಗೆ ಒಮ್ಮೆ ಕಳ್ಳನೋಟ ಬೀರಿದನೆಂಬುದನ್ನು ಇಲ್ಲಿ ಬರೆಯದಿರಲಾರೆ.)

1984ರ ಬೇಸಗೆಯಲ್ಲಿ ಒಬ್ಬ ತರುಣನು ತನ್ನ ತಮ್ಮನನ್ನು ಕರೆದುಕೊಂಡು ಈ ಬಯಲಿಗೆ ಬಂದನು. ಆ ತಮ್ಮನಿಗೂ ಆಗ 11 ವರ್ಷ. ಮನೆಯ ಮುಂದೆ ಗೆಳೆಯರೊಡನೆ ಚೆಂಡಾಟವಾಡಿ ಅಭ್ಯಾಸವಿದ್ದ ಹುಡುಗನಿಗೆ ಮೇಷ್ಟರ ದೃಷ್ಟಿ ತನ್ನ ಮೇಲಿರುವುದನ್ನು ಕಂಡು ಕೈಕಾಲು ಬಾರದಾಯಿತು. ಆಟ ಕೆಟ್ಟಿತು. ಅಣ್ಣನು ಮೇಷ್ಟರ ಬಳಿಗೆ ಹೋಗಿ, “ತಾವು ನೋಡುತ್ತಿರುವುದರಿಂದ ಹೆದರಿದ್ದಾನೆ. ದಯವಿಟ್ಟು ದೂರದಲ್ಲಿ ನಿಂತು ಇನ್ನೊಮ್ಮೆ ನೋಡಿ” ಎಂದು ಬೇಡಿಕೊಂಡನು. ಮೇಷ್ಟರು ಹೊರಟುಹೋದಂತೆ ನಟಿಸಿ ಒಂದು ಮರದ ಮರೆಯಲ್ಲಿ ನಿಂತು ನೋಡಿದರು. ಹುಡುಗನು ಮೈಬಿಟ್ಟು ಆಡಿದನು. ಅವನೇ ಸಚಿನ್ ತೆಂಡೂಲ್ಕರ್.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸೋಣ. ಮೊದಲ ನೋಟಕ್ಕೇ “ಇವನು ಪ್ರಯೋಜನವಿಲ್ಲ” ಎಂದು ಹೇಳಿ ಕಳುಹಿಸಲು ಆ ಮೇಷ್ಟರಿಗೆ ಯಾವ ಅಡ್ಡಿಯಿತ್ತು? ಅಂಥ ಹುಡುಗರು ದಿನಕ್ಕೆ ಹತ್ತು ಮಂದಿ ಬರುತ್ತಿದ್ದರು. ಆದರೂ ಒಬ್ಬ ಅಪರಿಚಿತ ತರುಣನ ಬೇಡಿಕೆಗೆ ಒಪ್ಪಿ ಮರದ ಹಿಂದೆ ನಿಂತರಲ್ಲ! ಮಗುವಿಗೆ ಎರಡನೆಯ ಅವಕಾಶ ಕೊಡುವ ತಾಳ್ಮೆಗಿಂತ ದೊಡ್ಡ ವಿದ್ಯೆ ಗುರುವಿಗೆ ಬೇರೊಂದು ಬೇಕೆ?

ಅಂದಿನಿಂದ ಹುಡುಗನ ದಿನಚರಿಯೇ ಬದಲಾಯಿತು. ಮೇಷ್ಟರ ಸಲಹೆಯಂತೆ ಬಾಂದ್ರೆಯ ಶಾಲೆಯನ್ನು ಬಿಟ್ಟು ದಾದರಿನ ಶಾರದಾಶ್ರಮ ವಿದ್ಯಾಮಂದಿರಕ್ಕೆ ಸೇರಿದನು. ಬಯಲಿಗೆ ಹತ್ತಿರವಾಗಲೆಂದು ತಂದೆತಾಯಿಗಳು ಅವನನ್ನು ಅಲ್ಲಿಯೇ ಇದ್ದ ಬಂಧುಗಳ ಮನೆಯಲ್ಲಿ ಬಿಟ್ಟರು. ಬೇಸಗೆಯ ರಜೆಯಲ್ಲಿ ಬೆಳಗ್ಗೆ ಏಳೂವರೆಗೆ ಅಭ್ಯಾಸ ಆರಂಭ; ಹಗಲು ಪಂದ್ಯ; ಸಂಜೆ ಐದಕ್ಕೆ ಮತ್ತೆ ಅಭ್ಯಾಸ. ಒಂದು ಬೇಸಗೆಯ 60 ದಿನಗಳಲ್ಲಿ 55 ಪಂದ್ಯಗಳನ್ನು ಆಡಿದ್ದುಂಟೆಂದು ತೆಂಡೂಲ್ಕರರೇ ಮುಂದೆ ಬರೆದಿದ್ದಾರೆ. ಆಚರೇಕರರಿಗೆ ಉದ್ದುದ್ದ ಉಪದೇಶಗಳಲ್ಲಿ ನಂಬಿಕೆಯಿರಲಿಲ್ಲ. ಈಜು ಕಲಿಯಬೇಕಾದವನು ನೀರಿಗಿಳಿಯಬೇಕು. ಆಟ ಕಲಿಯಬೇಕಾದವನು ಪಂದ್ಯವಾಡಬೇಕು. ಒಂದು ಬಯಲಿನಲ್ಲಿ ಹುಡುಗನ ಸರದಿ ಮುಗಿದರೆ ತಮ್ಮ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಇನ್ನೊಂದು ಬಯಲಿಗೆ ಕರೆದೊಯ್ದು ಅಲ್ಲಿ ಆಡಿಸುತ್ತಿದ್ದರು. ಮುಂಬಯಿಯ ಬಿಸಿಲಿನಲ್ಲಿ, ಆ ಜನಸಂದಣಿಯ ನಡುವೆ, ಪರರ ಮಗುವೊಂದನ್ನು ಹಿಂದೆ ಕೂರಿಸಿಕೊಂಡು ಬಯಲಿನಿಂದ ಬಯಲಿಗೆ ಸುತ್ತಿದ ಆ ಸ್ಕೂಟರಿನ ಚಿತ್ರವು ನನ್ನ ಕಣ್ಣ ಮುಂದೆ ಆಗಾಗ ಬರುವುದು.

ದಿನದ ಕೊನೆಗೆ ಒಂದು ಪರೀಕ್ಷೆ. ಹುಡುಗನು ದಣಿದು ಸೋತಿರುವ ಹೊತ್ತಿನಲ್ಲಿ ಮೇಷ್ಟರು ಸ್ಟಂಪಿನ ತಲೆಯ ಮೇಲೆ ಒಂದು ರೂಪಾಯಿಯ ನಾಣ್ಯವನ್ನು ಇಡುವರು. ಬಯಲಿನಲ್ಲಿರುವ ಹುಡುಗರೆಲ್ಲ ಸುತ್ತ ನಿಂತು ಚೆಂಡನ್ನು ಕಾಯುವರು. ಔಟು ಮಾಡಿದವನಿಗೆ ನಾಣ್ಯ. ಕಾಲು ಗಂಟೆಯವರೆಗೂ ಔಟಾಗದೆ ನಿಂತರೆ ನಾಣ್ಯ ಆಡಿದವನಿಗೆ. ಹೀಗೆ ಗಳಿಸಿದ 13 ನಾಣ್ಯಗಳು ತೆಂಡೂಲ್ಕರರ ಬಳಿ ಇವೆ. ಲೋಕವೆಲ್ಲ ಕೊಟ್ಟ ಬಹುಮಾನಗಳ ನಡುವೆ ಅವುಗಳಷ್ಟು ಬೆಲೆಯುಳ್ಳವು ತಮಗೆ ಬೇರೆಯಿಲ್ಲವೆಂಬ ಭಾವದಿಂದ ಅವರು ಅವನ್ನು ಕಾಪಾಡಿಕೊಂಡಿದ್ದಾರೆ. ನಾಣ್ಯದ ಪರೀಕ್ಷೆ ಮುಗಿದ ಮೇಲೂ ಬಿಡುಗಡೆಯಿಲ್ಲ. ಕಾಲಿನ ಕಟ್ಟು, ಕೈಗವಸುಗಳನ್ನು ಬಿಚ್ಚದೆಯೇ ಇಡೀ ಪಾರ್ಕನ್ನು ಎರಡು ಸುತ್ತು ಓಡಿ ಬರಬೇಕಾಗಿದ್ದಿತು.

ಇಷ್ಟೆಲ್ಲ ಮಾಡಿದ ಆ ಗುರುಗಳು ಶಿಷ್ಯನಿಗೆ “ಚೆನ್ನಾಗಿ ಆಡಿದೆ” ಎಂದು ಒಂದು ದಿನವೂ ಹೇಳಲಿಲ್ಲ. 1988ರ ಫೆಬ್ರುವರಿಯಲ್ಲಿ ಮುಂಬಯಿಯ ಆಜಾದ್ ಮೈದಾನದಲ್ಲಿ ಹ್ಯಾರಿಸ್ ಶೀಲ್ಡಿನ ಪಂದ್ಯ. ತೆಂಡೂಲ್ಕರ್ ಮತ್ತು ವಿನೋದ್ ಕಾಂಬ್ಳಿ ಎಂಬ ಇಬ್ಬರು ಶಾರದಾಶ್ರಮದ ಬಾಲಕರು ಜೊತೆಯಾಗಿ ನಿಂತು, ಔಟಾಗದೆ, 664 ರನ್ನುಗಳನ್ನು ಕೂಡಿಹಾಕಿದರು. ಕಾಂಬ್ಳಿಯದು 349, ತೆಂಡೂಲ್ಕರನದು 326. ಜಗತ್ತಿನ ಪತ್ರಿಕೆಗಳು ಬೆರಗಾಗಿ ಬರೆದುವು. ಮೇಷ್ಟರ ಬಾಯಿಂದ ಹೊಗಳಿಕೆ ಬಂದುದನ್ನು ಮಾತ್ರ ಯಾರೂ ಕೇಳಲಿಲ್ಲ. ಹೊಗಳಿದರೆ ಹುಡುಗನು ಇಷ್ಟಕ್ಕೇ ಸಾಕೆಂದುಕೊಂಡಾನು, ಶ್ರಮಪಡುವುದನ್ನು ಬಿಟ್ಟಾನು ಎಂಬ ಅಳುಕು ಅವರಿಗೆ.

ಹಾಗಾದರೆ ಅವರಿಗೆ ಸಂತೋಷವಾದುದು ಹುಡುಗರಿಗೆ ತಿಳಿಯುತ್ತಿದ್ದುದು ಹೇಗೆ? ಒಮ್ಮೊಮ್ಮೆ ಜೇಬಿಗೆ ಕೈಹಾಕಿ, ವಡಾ ಪಾವ್ ತಿಂದು ಬಾ ಎಂದು ಕಾಸು ಕೊಡುವರಂತೆ. ಅಂದು ಏನೋ ಒಳ್ಳೆಯದನ್ನು ಮಾಡಿದ್ದೇವೆಂದು ಹುಡುಗರು ಊಹಿಸಿಕೊಳ್ಳುವರಂತೆ! ಮನೆಗೆ ಹೋದರೆ ಗುರುಪತ್ನಿಯವರ ಕೈಯ ಅಡಿಗೆ. ಬಾಯಿಂದ ಬಾರದ ಮಾತು ಜೇಬಿನಿಂದಲೂ ಒಲೆಯಿಂದಲೂ ಬರುತ್ತಿತ್ತು.

ಇಲ್ಲಿಗೆ ಬಂದಾಗ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಒಂದು ದಿನ ಶಾಲೆಯ ಹಿರಿಯ ಹುಡುಗರ ಪಂದ್ಯವು ವಾಂಖೆಡೆ ಕ್ರೀಡಾಂಗಣದಲ್ಲಿ ನಡೆಯುತ್ತಿದ್ದಿತು. ಅದೇ ದಿನ ಮೇಷ್ಟರು ಸಚಿನ್ನನಿಗಾಗಿ ಬೇರೊಂದು ಕಡೆ ಪಂದ್ಯವನ್ನು ಗೊತ್ತುಮಾಡಿದ್ದರು. ಹುಡುಗನು ಅದನ್ನು ತಪ್ಪಿಸಿಕೊಂಡು ಹಿರಿಯರ ಆಟಕ್ಕೆ ಚಪ್ಪಾಳೆ ತಟ್ಟಲು ಹೋದನು. ಅಲ್ಲಿ ಮೇಷ್ಟರ ಕಣ್ಣಿಗೆ ಬಿದ್ದನು. ಕೆನ್ನೆಗೆ ಬಿದ್ದ ಏಟಿಗೆ ಕೈಯಲ್ಲಿದ್ದ ಊಟದ ಡಬ್ಬಿ ಹಾರಿಹೋಯಿತು. ಬೇರೆಯವರ ಆಟಕ್ಕೆ ಚಪ್ಪಾಳೆ ತಟ್ಟುವುದು ನಿನ್ನ ಕೆಲಸವಲ್ಲ, ನಿನ್ನ ಆಟವನ್ನು ನೋಡಲು ಜನ ಬರುವಂತೆ ಆಡು ಎಂಬರ್ಥದ ಮಾತನ್ನು ಮೇಷ್ಟರು ಹೇಳಿದರು. ಅದು ತಮ್ಮ ಬಾಳಿನ ದಿಕ್ಕನ್ನೇ ತಿರುಗಿಸಿತೆಂದು ತೆಂಡೂಲ್ಕರರು ಕೃತಜ್ಞತೆಯಿಂದಲೇ ಹೇಳಿಕೊಂಡಿದ್ದಾರೆ.

ಶಿಷ್ಯನು ಕ್ಷಮಿಸಿದನೆಂದು ನಾವು ಏಟನ್ನು ವಿದ್ಯೆಯ ಸಾಧನವೆಂದು ಎಣಿಸಬಾರದು. ಅದೇ ಏಟಿಗೆ ಮನಸ್ಸು ಮುರಿದು ಬಯಲಿಗೆ ಬೆನ್ನು ತಿರುಗಿಸಿದ ಮಕ್ಕಳು ನಾಡಿನಲ್ಲಿ ಎಷ್ಟು ಮಂದಿಯೋ! ಅವರ ಕಥೆಯನ್ನು ಯಾರೂ ಬರೆಯುವುದಿಲ್ಲ. ಮಕ್ಕಳ ಮೈಮೇಲೆ ಕೈಮಾಡುವುದು ಇಂದು ಶಾಲೆಗಳಲ್ಲಿ ಕಾಯಿದೆಗೂ ವಿರುದ್ಧ. ಆಚರೇಕರರಿಂದ ನಾವು ಕಲಿಯಬೇಕಾದುದು ಆ ಏಟನ್ನಲ್ಲ. ಆ ದಿನ ಆ ಹುಡುಗನಿಗೆಂದೇ ಒಂದು ಪಂದ್ಯವನ್ನು ಗೊತ್ತುಮಾಡಿಟ್ಟಿದ್ದ ಕಾಳಜಿಯನ್ನು. ಏಟು ಒಂದು ಕ್ಷಣದ್ದು. ಕಾಳಜಿಯು ಪ್ರತಿದಿನದ್ದು.

2013ರ ನವೆಂಬರ್ 16ರಂದು ತೆಂಡೂಲ್ಕರರು ಅದೇ ವಾಂಖೆಡೆಯಲ್ಲಿ ಆಟಕ್ಕೆ ವಿದಾಯ ಹೇಳಿದರು. ತುಂಬಿದ ಕ್ರೀಡಾಂಗಣದ ನಡುವೆ ಒಬ್ಬೊಬ್ಬರನ್ನೇ ನೆನೆಯುತ್ತ ಗುರುಗಳ ಹೆಸರಿಗೆ ಬಂದರು. ಕಳೆದ 29 ವರ್ಷಗಳಲ್ಲಿ ಗುರುಗಳು ತಮ್ಮನ್ನು ಒಮ್ಮೆಯೂ ಹೊಗಳಲಿಲ್ಲವೆಂದೂ, ಇನ್ನು ತಮ್ಮ ಬಾಳಿನಲ್ಲಿ ಪಂದ್ಯಗಳೇ ಉಳಿದಿಲ್ಲವಾದುದರಿಂದ ಈಗಲಾದರೂ ಧೈರ್ಯವಾಗಿ ಚೆನ್ನಾಗಿ ಆಡಿದೆಯೆಂದು ಹೇಳಬಹುದೆಂದೂ ನಗೆಯಾಡಿದರು. ಕೇಳಿದವರು ನಕ್ಕರು, ನಕ್ಕವರ ಕಣ್ಣುಗಳು ಒದ್ದೆಯಾದುವು. ನಾನೂ ಆ ದಿನ ದೂರದರ್ಶನದ ಮುಂದೆ ಕುಳಿತಿದ್ದೆನು. ನಾಲ್ವತ್ತು ವರ್ಷದ ಮನುಷ್ಯನೊಬ್ಬನು, ಜಗತ್ತಿನ ಹೊಗಳಿಕೆಯನ್ನೆಲ್ಲ ಉಂಡವನು, ಬಾಲಕನಂತೆ ಗುರುವಿನ ಒಂದು ಮಾತಿಗೆ ಕೈಚಾಚಿದುದನ್ನು ಕಂಡೆನು.

ಆಚರೇಕರರ ಹೆಸರು ಹೇಳಿದೊಡನೆ ಜನರು ತೆಂಡೂಲ್ಕರರ ಹೆಸರೊಂದನ್ನೇ ಹೇಳಿ ಮುಗಿಸುತ್ತಾರೆ. ಅದು ಗುರುವಿಗೆ ಮಾಡುವ ಅನ್ಯಾಯ. 1983ರ ವಿಶ್ವಕಪ್ಪಿನ ಕೊನೆಯ ಪಂದ್ಯದಲ್ಲಿ ಗ್ರೀನಿಜನ ಸ್ಟಂಪನ್ನು ಉರುಳಿಸಿದ ಬಲ್ವಿಂದರ್ ಸಿಂಗ್ ಸಂಧು ಆ ಬಯಲಿನವನು. 1992ರಲ್ಲಿ ಡರ್ಬನ್ನಿನಲ್ಲಿ ತನ್ನ ಮೊದಲ ಟೆಸ್ಟಿನಲ್ಲಿಯೇ ಶತಕ ಹೊಡೆದ ಪ್ರವೀಣ ಆಮ್ರೆ ಆ ಬಯಲಿನವನು. ಅಜಿತ್ ಅಗರಕರ್, ಲಾಲಚಂದ್ ರಜಪೂತ್, ರಮೇಶ್ ಪೊವಾರ್, ಸಮೀರ್ ದಿಘೆ ಇವರೂ ಅಲ್ಲಿನವರೇ.

ಚಂದ್ರಕಾಂತ ಪಂಡಿತರ ವಿಷಯವನ್ನು ನಮ್ಮ ಬೆಂಗಳೂರಿನವರು ಮರೆಯುವಂತಿಲ್ಲ. 1999ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ರಣಜಿ ಪಂದ್ಯಾವಳಿಯ ಕೊನೆಯ ಆಟ. ಆಗ ಅವರು ಮಧ್ಯಪ್ರದೇಶದ ನಾಯಕರು. ನಮ್ಮ ಕರ್ನಾಟಕ ಗೆದ್ದಿತು. ಅವರು ಸೋತು ಮರಳಿದರು. 23 ವರ್ಷಗಳ ಬಳಿಕ, 2022ರ ಜೂನಿನಲ್ಲಿ, ಅದೇ ಮಧ್ಯಪ್ರದೇಶದ ತಂಡಕ್ಕೆ ಗುರುವಾಗಿ ಅದೇ ಕ್ರೀಡಾಂಗಣಕ್ಕೆ ಬಂದರು. ಎದುರಾಳಿ ತಾವು ಹುಟ್ಟಿ ಬೆಳೆದ ಮುಂಬಯಿ. ಮಧ್ಯಪ್ರದೇಶವು ಮೊದಲ ಬಾರಿಗೆ ರಣಜಿ ಬಹುಮಾನವನ್ನು ಗೆದ್ದಿತು, ಪಂಡಿತರು ಮೈದಾನದಲ್ಲಿಯೇ ಕಣ್ಣೀರು ಹಾಕಿದರು. ತಾನು ಆಟಗಾರನಾಗಿ ಪಡೆಯದುದನ್ನು ಶಿಷ್ಯರ ಕೈಯಿಂದ ಪಡೆದ ಈ ಸಂಗತಿಯನ್ನು ಓದುವಾಗ ನಮಗೆ ಯಾರ ನೆನಪಾಗಬೇಕು? ಒಂದೇ ಒಂದು ದೊಡ್ಡ ಪಂದ್ಯವಾಡಿ ಬಯಲಿಗೆ ಮರಳಿದ ಆ ಮಾಲವಣದ ಮೇಷ್ಟರದಲ್ಲವೆ? ದೀಪದಿಂದ ದೀಪ ಹೊತ್ತುವುದೆಂದರೆ ಇದೇ.

ಇವರಲ್ಲದೆ, ಹೆಸರು ಎಲ್ಲಿಯೂ ಅಚ್ಚಾಗದ ಹುಡುಗರು ಎಷ್ಟು ಸಾವಿರವೋ! ಗುಮಾಸ್ತರಾದವರು, ಅಂಗಡಿಯಿಟ್ಟವರು, ಬಸ್ಸು ನಡೆಸಿದವರು. ಅವರಿಗೂ ಮೇಷ್ಟರು ಅದೇ ನೀರಿನ ಕೊಳವೆಯನ್ನು ಕೊಟ್ಟರು, ಅದೇ ರೋಲರನ್ನು ಎಳೆಸಿದರು. ಹೊತ್ತಿಗೆ ಸರಿಯಾಗಿ ಬರುವುದು, ಸಾಮಾನನ್ನು ಜೋಪಾನ ಮಾಡುವುದು, ಸೋತ ದಿನವೂ ಬಲೆಯನ್ನು ಮಡಿಸಿಟ್ಟು ಮನೆಗೆ ಹೋಗುವುದು. ಈ ಮೂರು ಗುಣಗಳು ಒಬ್ಬ ಹುಡುಗನಿಗೆ ಬಂದರೆ ಅವನು ಆಟಗಾರನಾಗದಿದ್ದರೂ ನಷ್ಟವೇನು? ಒಂದು ಮನೆಗೆ ಒಳ್ಳೆಯ ಯಜಮಾನನು ಸಿಕ್ಕಿದಂತಾಯಿತು.

ಸರಕಾರವು ಅವರಿಗೆ 1990ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿಯನ್ನೂ 2010ರಲ್ಲಿ ಪದ್ಮಶ್ರೀಯನ್ನೂ ಕೊಟ್ಟಿತು. ಪುರಾಣದ ದ್ರೋಣರು ಬೇಡರ ಹುಡುಗನಿಂದ ಹೆಬ್ಬೆರಳನ್ನು ಬೇಡಿದರು. ಶಿವಾಜಿ ಪಾರ್ಕಿನ ದ್ರೋಣರು ಸ್ಟಂಪಿನ ಮೇಲೆ ತಮ್ಮ ಜೇಬಿನ ರೂಪಾಯಿಯನ್ನೇ ಇಟ್ಟರು. ಎರಡು ದಕ್ಷಿಣೆಗಳಿಗೂ ಇರುವ ಅಂತರವನ್ನು ವಾಚಕರೇ ಅಳೆಯಲಿ.

2019ರ ಜನವರಿ 2ರಂದು, ತಮ್ಮ 86ನೆಯ ವಯಸ್ಸಿನಲ್ಲಿ, ಬಹುಕಾಲದ ಅಸ್ವಾಸ್ಥ್ಯದ ತರುವಾಯ ಆಚರೇಕರರು ಗತಿಸಿದರು. ಮರುದಿನ ಅವರ ಕೊನೆಯ ಯಾತ್ರೆಯು ಶಿವಾಜಿ ಪಾರ್ಕಿಗೆ ಬಂದಿತು. ದಾರಿಯ ಎರಡು ಕಡೆಯೂ ಎಳೆಯ ಆಟಗಾರರು ಬ್ಯಾಟುಗಳನ್ನು ಎತ್ತಿ ಹಿಡಿದು ಸಾಲಾಗಿ ನಿಂತಿದ್ದರು. ಒಂದು ಕಾಲದಲ್ಲಿ ಗುರುಗಳ ಸ್ಕೂಟರಿನ ಹಿಂದೆ ಕುಳಿತು ಬಂದಿದ್ದ ಹುಡುಗನು ಅಂದು ಗುರುಗಳಿಗೆ ಹೆಗಲು ಕೊಟ್ಟನು. 2024ರ ಡಿಸೆಂಬರ್ 3ರಂದು, ಅವರ ಹುಟ್ಟಿದ ದಿನ, ಅದೇ ಪಾರ್ಕಿನಲ್ಲಿ ಅವರ ಸ್ಮಾರಕವೊಂದು ತೆರೆಯಿತು. 664ರ ಜೊತೆಗಾರರಿಬ್ಬರೂ ಆ ಸಭೆಯಲ್ಲಿ ಇದ್ದರು. ಒಂದೇ ಬಯಲಿನಲ್ಲಿ, ಒಂದೇ ಕೈಯಿಂದ ಕಲಿತರೂ ಇಬ್ಬರ ಬಾಳೂ ಒಂದೇ ದಾರಿಯನ್ನು ಹಿಡಿಯಲಿಲ್ಲ. ಗುರುವಾದವನು ಬೆಳಗಿನ ಹೊತ್ತನ್ನು ಕೊಡಬಲ್ಲನು. ಹಣೆಯ ಬರಹವನ್ನು ಕೊಡಲಾರನು. ಆದರೂ ಆ ಬೆಳಗುಗಳಿಗಾಗಿ ಇಬ್ಬರೂ ಸಮನಾಗಿ ತಲೆಬಾಗಿದರು.

ಇಷ್ಟನ್ನು ಹೇಳಿ ಮುಗಿಸುವಾಗ ಮೊಮ್ಮಗನು ಒಂದು ಪ್ರಶ್ನೆ ಕೇಳಿದನು. “ತಾತ, ಅವರು ಸಚಿನ್ನಿಗೆ ಭೇಷ್ ಅನ್ನಲಿಲ್ಲ, ಸರಿ. ಸಚಿನ್ ಅವರಿಗೆ ಭೇಷ್ ಅಂದನೆ?”

ನಾನು ತಬ್ಬಿಬ್ಬಾದೆನು. ಕೇಳಬೇಕಾದ ಪ್ರಶ್ನೆಯೇ ಅದು. ಅವರು ಹೇಳಿದರು ಮಗು, ಸಾವಿರಾರು ಜನರ ಎದುರಿಗೆ, ಗುರುಗಳು ಬದುಕಿದ್ದಾಗಲೇ ಹೇಳಿದರು ಎಂದೆನು. ಅವನು ಸಮಾಧಾನಗೊಂಡು ಮಲಗಿದನು. ನನಗೆ ಮಾತ್ರ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಏಕೆಂದರೆ ನನಗೂ ಒಬ್ಬ ಮೇಷ್ಟರು ಇದ್ದರು. ನಮ್ಮ ಶಾಲೆಯ ಡ್ರಿಲ್ ಮೇಷ್ಟರು. ಅವರಿಗೆ ಪ್ರಶಸ್ತಿಯಿಲ್ಲ, ಸ್ಮಾರಕವಿಲ್ಲ. ಶಾಲೆ ಬಿಟ್ಟ ಮೇಲೂ ಸಂಜೆಯ ತನಕ ನಿಂತು ನಮಗೆ ಕಬಡ್ಡಿಯನ್ನೂ ಖೋಖೋವನ್ನೂ ಕಲಿಸುತ್ತಿದ್ದರು. ಮಳೆಗಾಲಕ್ಕೆ ಮುಂಚೆ ನಮ್ಮನ್ನೆಲ್ಲ ಕೂಡಿಸಿಕೊಂಡು ಊರ ಕೆರೆಯ ಸೋಪಾನದ ಕಸ ತೆಗೆಸುವರು. ಜಾತ್ರೆಯ ದಿನ ನಮ್ಮ ಕೈಯಿಂದ ಜನರಿಗೆ ನೀರು ಕೊಡಿಸುವರು. ಬಡ ಹುಡುಗನೊಬ್ಬನು ಹಸಿದು ಬಂದಿದ್ದರೆ ಅದು ಅವರಿಗೆ ಹೇಗೋ ತಿಳಿದುಬಿಡುತ್ತಿತ್ತು; ಅವನನ್ನು ಏನೋ ಕೆಲಸದ ನೆವದಿಂದ ತಮ್ಮ ಮನೆಗೆ ಕಳುಹಿಸುವರು. ಅವನು ತುಟಿ ಒರೆಸಿಕೊಂಡು ಮರಳುವನು. ಅವರೂ ನಮ್ಮನ್ನು ಹೊಗಳಿದವರಲ್ಲ. ನಾನು ಓದಿ, ನೌಕರಿ ಹಿಡಿದು, ಊರು ಬಿಟ್ಟೆನು. ರಜೆಗೆ ಬಂದಾಗಲೆಲ್ಲ, ನಾಳೆ ಹೋಗಿ ಮೇಷ್ಟರನ್ನು ಕಂಡು ಬರೋಣ ಎಂದುಕೊಳ್ಳುವೆನು. ಆ ನಾಳೆ ಬರುವುದರೊಳಗಾಗಿ ಮೇಷ್ಟರು ಹೋಗಿಬಿಟ್ಟರು. ಒಂದು ಕಾಗದವನ್ನಾದರೂ ಬರೆದಿದ್ದರೆ ಎಂದು ಈಗಲೂ ಮನಸ್ಸು ಚುಚ್ಚುವುದು. ಅವರು ನಮಗೆ ಭೇಷ್ ಎನ್ನಲಿಲ್ಲವೆಂದು ಹುಡುಗರಾಗಿದ್ದಾಗ ಗೊಣಗಿದೆವು. ದೊಡ್ಡವರಾದ ಮೇಲೆ ಅವರಿಗೆ ಭೇಷ್ ಎನ್ನಬೇಕಾದವರು ನಾವೆಂಬುದೇ ನಮಗೆ ಹೊಳೆಯಲಿಲ್ಲ.

ಭಾನುವಾರ ಬೆಳಗ್ಗೆ ಹುಡುಗನು ತಾನಾಗಿಯೇ ಎದ್ದು ಬ್ಯಾಟನ್ನು ಒರೆಸಿ ಹೊರಟನು. ನಾನೂ ಶಾಲು ಹೊದ್ದು ಜೊತೆಗೆ ಹೊರಟೆನು. ಇನ್ನೂ ಮಬ್ಬುಗತ್ತಲೆ. ಮೈದಾನದಲ್ಲಿ ಒಬ್ಬ ಮನುಷ್ಯನು ಪಂಚೆಯನ್ನು ಮೇಲಕ್ಕೆ ಕಟ್ಟಿ ಕೊಳವೆ ಹಿಡಿದು ನೆಲಕ್ಕೆ ನೀರು ಹಾಕುತ್ತಿದ್ದನು. ಹತ್ತಿರ ಹೋದರೆ, ಮೇಷ್ಟರೇ! ನನ್ನನ್ನು ಕಂಡು, ಏನೋ ದೂರು ಬಂದಿತೆಂದು ಅವರ ಮುಖ ಸ್ವಲ್ಪ ಬಾಡಿತು. ಹುಡುಗನನ್ನು ಮಾತ್ರ ಕರೆದು ಬಲೆಯೊಳಗೆ ನಿಲ್ಲಿಸಿದರು. “ನಿನ್ನೆ ಎಡಗಡೆ ಬಂದ ಚೆಂಡಿಗೆಲ್ಲ ನೀನು ಕಾಲು ಹಿಂದಕ್ಕೆ ಎಳೆಯುತ್ತಿದ್ದೆ. ಈಗ ನೋಡು” ಎಂದು ಹೇಳಿ, ಬೇರೆ ಮಕ್ಕಳು ಬರುವವರೆಗೂ ಅದೊಂದೇ ಬಗೆಯ ಚೆಂಡನ್ನು ಮತ್ತೆ ಮತ್ತೆ ಎಸೆದರು. ಅರ್ಧ ಗಂಟೆ ಮುಂಚೆ ಬಾ ಎಂಬ ಮಾತಿನ ಅರ್ಥ ಆಗ ತಿಳಿಯಿತು. ನಿನ್ನೆಯ 42 ರನ್ನುಗಳಲ್ಲಿ ಒಂದನ್ನೂ ಅವರು ನೋಡದೆ ಬಿಟ್ಟಿರಲಿಲ್ಲ. ಭಾನುವಾರದ ತಮ್ಮ ನಿದ್ರೆಯಲ್ಲಿ ಅರ್ಧ ಗಂಟೆಯನ್ನು ಕಿತ್ತು ನಮ್ಮ ಹುಡುಗನಿಗೆ ಕೊಟ್ಟಿದ್ದರು. ಇದಕ್ಕಿಂತ ದೊಡ್ಡ ಹೊಗಳಿಕೆ ಯಾವ ಪದಕದಲ್ಲಿದೆ?

ಗೃಹಸ್ಥರಲ್ಲಿ ನನ್ನ ಬಿನ್ನಹ ಇಷ್ಟೆ. ನಿಮ್ಮ ಬೀದಿಯ ಕೊನೆಯಲ್ಲಿಯೂ ಇಂಥವರೊಬ್ಬರು ಇರಬಹುದು. ಆಟ ಕಲಿಸುವವರಿರಲಿ, ಈಜು ಕಲಿಸುವವರಿರಲಿ, ಗರಡಿಯ ಉಸ್ತಾದರಿರಲಿ. ಮಕ್ಕಳನ್ನು ಬಿಟ್ಟು ಬರುವಾಗ ಒಂದು ದಿನ ಐದು ನಿಮಿಷ ನಿಲ್ಲಿರಿ. ಅವರು ಮಕ್ಕಳನ್ನು ಹೇಗೆ ನಡೆಸಿಕೊಳ್ಳುವರೆಂದು ನೋಡಿರಿ. ನೋಡುವುದು ನಿಮ್ಮ ಕರ್ತವ್ಯ. ಒಳ್ಳೆಯವರೆಂದು ಕಂಡರೆ ಅದನ್ನು ಬಾಯಿಬಿಟ್ಟು ಹೇಳಿರಿ. ನೀರಿನ ಕೊಳವೆ ಹರಿದಿದ್ದರೆ ಹೊಸದೊಂದನ್ನು ತಂದುಕೊಡಿರಿ. ಮೈದಾನಕ್ಕೆ ಬೇಲಿ ಬೀಳುವ ಸುದ್ದಿ ಬಂದರೆ ನಾಲ್ಕು ಮನೆಯವರು ಕೂಡಿ ಹೋಗಿ ತಡೆಯಿರಿ. ಬಯಲಿಲ್ಲದೆ ಯಾವ ಆಚರೇಕರರೂ ಇಲ್ಲ. ಸ್ಮಾರಕವನ್ನು ಆಮೇಲೆ ಕಟ್ಟಿದರಾಯಿತು. ಕಿವಿ ಕೇಳುವ ಕಾಲದಲ್ಲಿ ಒಂದು ಮಾತು ಹೇಳುವುದು ಅದಕ್ಕಿಂತ ಮೊದಲಿನ ಕೆಲಸ.

ಅಭ್ಯಾಸ ಮುಗಿದ ಮೇಲೆ ನಾನು ಮೇಷ್ಟರ ಬಳಿಗೆ ಹೋಗಿ ಕೈಮುಗಿದು, “ನೀವು ಮಾಡುತ್ತಿರುವುದು ಬಹಳ ದೊಡ್ಡ ಕೆಲಸ, ಮೇಷ್ಟರೇ. ಇದನ್ನು ಹೇಳಿ ಹೋಗೋಣವೆಂದೇ ಬಂದೆ” ಎಂದೆನು. ಐವತ್ತು ವರ್ಷದ ಹಿಂದೆ ಬೇರೊಬ್ಬರಿಗೆ ಹೇಳಬೇಕಾಗಿದ್ದ ಮಾತೂ ಅದರಲ್ಲಿ ಸೇರಿದ್ದಿತೆಂದು ಅವರಿಗೆ ಹೇಗೆ ತಿಳಿಯಬೇಕು? ಅವರು ನಾಚಿಕೊಂಡು, ಕೊಳವೆಯನ್ನು ಸುತ್ತುತ್ತ, ಬೇರೆಲ್ಲಿಯೋ ನೋಡಿದರು.

“ಅದೆಲ್ಲ ಇರಲಿ ಸ್ವಾಮಿ, ನಾಳೆಯೂ ಹುಡುಗನನ್ನು ಅರ್ಧ ಗಂಟೆ ಮುಂಚೆ ಕಳುಹಿಸಿ” ಎಂದರು.